ಕೆಳದಿ ಅರಸರ ಕಾಲದ ಕೆನರಾದಲ್ಲಿ ಫಾದರ್ ಜೋಸೆಫ್ ವಾಜ್

ಕೆಳದಿ ಅರಸರ ಇತಿಹಾಸವನ್ನು ಕುರಿತ ಬರವಣಿಗೆಗಳಲ್ಲಿ ಅವರ ದಂಡಯಾತ್ರೆಗಳು, ಶಿವಪ್ಪನಾಯಕನ ಶಿಸ್ತು, ವೀರಶೈವ ಮಠಗಳಿಗೆ ನೀಡಿದ ದತ್ತಿಗಳು ವಿಪುಲವಾಗಿ ಚರ್ಚಿತವಾಗಿವೆ. ಶಿಕಾರಿಪುರ-ಸೊರಬ ದಾರಿಯ ಶಿರಾಳಕೊಪ್ಪದ ಸೀಮೆ, ಚಂದ್ರಗುತ್ತಿಯ ದುರ್ಗ, ಇಕ್ಕೇರಿ, ಬಿದನೂರು - ಇವು ಆ ರಾಜ್ಯದ ಘಟ್ಟದ ಮೇಲಿನ ಭಾಗ. ಹೊನ್ನಾವರದಿಂದ ಮಂಗಳೂರಿನವರೆಗೆ ಚಾಚಿದ್ದ ಕರಾವಳಿ ಅದೇ ರಾಜ್ಯದ ಕೆಳಗಣ ಭಾಗ. ಈ ಕರಾವಳಿಯಲ್ಲಿ 1681ರಿಂದ 1684ರವರೆಗೆ ಕೆಲಸ ಮಾಡಿದ ಗೋವೆಯ ಕ್ಯಾಥೊಲಿಕ್ ಗುರು ಜೋಸೆಫ್ ವಾಜರ ವಿಷಯ ಕೆಳದಿಯ ಚರಿತ್ರೆಗಳಲ್ಲಿ ಅಪರೂಪ. ಅತ್ತ ಚರ್ಚಿನ ಲೇಖಕರು ಅವರನ್ನು ಶ್ರೀಲಂಕಾದ ಸಂತರೆಂದು ಬಣ್ಣಿಸುತ್ತ ಕೆನರಾದ ಮೂರು ವರ್ಷಗಳನ್ನು ಮುನ್ನುಡಿಯಂತೆ ದಾಟಿಬಿಡುತ್ತಾರೆ. ವಾಜರ ನಾಯಕತ್ವದ ಲಕ್ಷಣಗಳು ರೂಪುಗೊಂಡದ್ದು ಈ ಮೂರು ವರ್ಷಗಳಲ್ಲಿಯೇ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ವಾಜರು ಕೆನರಾಕ್ಕೆ ಬರುವ ಹೊತ್ತಿಗೆ ಇಲ್ಲಿನ ರಾಜಕೀಯ ಚಿತ್ರ ಪೂರ್ತಿಯಾಗಿ ಬದಲಾಗಿತ್ತು. 1568-69ರಲ್ಲಿ ಪೋರ್ಚುಗೀಸರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ನೆಲೆಯೂರಿ ಕೋಟೆಗಳನ್ನು ಕಟ್ಟಿಕೊಂಡಿದ್ದರು. 1652ರಿಂದ 1654ರ ನಡುವೆ ಶಿವಪ್ಪನಾಯಕನು ಅವುಗಳನ್ನು ಒಂದೊಂದಾಗಿ ವಶಪಡಿಸಿಕೊಂಡನು. ಕೋಟೆಯ ಆಸರೆಯಲ್ಲಿದ್ದ ಚರ್ಚುಗಳು ಕೋಟೆಯೊಡನೆಯೇ ನೆಲೆ ಕಳೆದುಕೊಂಡವು. ಆದರೆ ಗೋವೆಗೆ ಕೆನರಾದ ಅಕ್ಕಿ ಬೇಕಿತ್ತು. ಕೆಳದಿಗೆ ಅಕ್ಕಿಯ ವ್ಯಾಪಾರದಿಂದ ಬರುವ ಹಣ ಬೇಕಿತ್ತು. 1671ರಲ್ಲಿ ಸೋಮಶೇಖರನಾಯಕನೊಡನೆ ಒಪ್ಪಂದವಾಯಿತು. ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, 1678ರಲ್ಲಿ ಆದ ಒಪ್ಪಂದವು ಮಿರ್ಜಾನ್, ಹೊನ್ನಾವರ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಚರ್ಚುಗಳನ್ನು ಕಟ್ಟಲು ಅವಕಾಶ ನೀಡಿತು. ಅಂದರೆ ಕ್ರೈಸ್ತರು ಈಗ ಪೋರ್ಚುಗೀಸ್ ಪ್ರಜೆಗಳಾಗಿ ಅಲ್ಲ, ವೀರಶೈವ ರಾಣಿಯ ಪ್ರಜೆಗಳಾಗಿ ಬದುಕಬೇಕಿತ್ತು. ಅವರಲ್ಲಿ ಬಹುಪಾಲು ಜನ ಗೋವೆಯಿಂದ ವಲಸೆ ಬಂದ ಕೊಂಕಣಿ ಭಾಷಿಕರು.

ಇಂಥ ಸಮುದಾಯದ ಒಳಗೇ ಒಂದು ಗಂಭೀರ ಬಿರುಕು ಇತ್ತು. ಪೂರ್ವದೇಶಗಳ ಚರ್ಚುಗಳ ಮೇಲೆ ಪೋರ್ಚುಗಲ್ ದೊರೆಗೆ ಪೋಪರು ಹಿಂದೆ ನೀಡಿದ್ದ ಪೋಷಕತ್ವದ ಅಧಿಕಾರಕ್ಕೆ ಪದ್ರುವಾದೊ ಎಂದು ಹೆಸರು. 1622ರಲ್ಲಿ ರೋಮ್ ತಾನೇ ನೇರವಾಗಿ ಧರ್ಮಪ್ರಸಾರವನ್ನು ನಡೆಸಲು ಪ್ರೊಪಗಾಂಡಾ ಫೀದೆ ಎಂಬ ಮಂಡಲಿಯನ್ನು ಸ್ಥಾಪಿಸಿತು. ಕೆನರಾದಲ್ಲಿ ಪೋರ್ಚುಗೀಸರ ಆಡಳಿತವೇ ಇಲ್ಲವಾದ ಮೇಲೆ ಪದ್ರುವಾದೊಗೆ ಏನು ಬೆಲೆ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. 1675ರಲ್ಲಿ ರೋಮ್, ಗೋವೆಯ ದಿವಾಡಿ ದ್ವೀಪದ ಥಿಯಾಟಿನ್ ಸಂಘದ ಗುರು ಥಾಮಸ್ ದೆ ಕ್ಯಾಸ್ತ್ರೊರನ್ನು ಇಲ್ಲಿಗೆ ವಿಕಾರ್ ಅಪೊಸ್ತೊಲಿಕ್ ಆಗಿ ನೇಮಿಸಿತು. ಗೋವೆಯ ಅಧಿಕಾರಿಗಳು ಅದನ್ನು ಮನ್ನಿಸಲಿಲ್ಲ. ಚೆನ್ನಮ್ಮಾಜಿ ನೀಡಿದಳೆನ್ನಲಾದ ಭೂಮಿಯಲ್ಲಿ 1680ರಲ್ಲಿ ಮಂಗಳೂರಿನ ಮಿಲಾಗ್ರಿಸ್ ಚರ್ಚನ್ನು ಕಟ್ಟಿಸಿದವರು ಇದೇ ಬಿಷಪರು. ಗೋವೆಯ ಗುರುಗಳು ಒಂದು ಕಡೆ, ಬಿಷಪರು ಮತ್ತೊಂದು ಕಡೆ ನಿಂತಾಗ ಯಾರು ನೀಡಿದ ಸಂಸ್ಕಾರ ಸಿಂಧು, ಯಾರು ಮಾಡಿಸಿದ ವಿವಾಹ ಊರ್ಜಿತ ಎಂಬ ಗೊಂದಲ ಸಾಮಾನ್ಯ ಕುಟುಂಬಗಳ ಒಳಗೇ ಹೊಕ್ಕಿತು. ಇದು ಕೇವಲ ಅಧಿಕಾರಿಗಳ ಜಗಳವಾಗಿ ಉಳಿಯಲಿಲ್ಲ.

ಈ ಸನ್ನಿವೇಶಕ್ಕೆ ಗೋವೆಯು ಕಳುಹಿಸಿದ್ದು ಮೂವತ್ತು ವರ್ಷದ ವಾಜರನ್ನು. 1651ರ ಏಪ್ರಿಲ್ 21ರಂದು ಸಾಷ್ಟಿಯ ಬಾಣಾವಲಿಯಲ್ಲಿ ಜನಿಸಿದ ಅವರು ಕೊಂಕಣಿ ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬದವರು. ತಂದೆಯ ಊರು ಸಾಂಕ್ವಾಳ. ಜೆಸ್ವಿಟರ ಸಂತ ಪೌಲರ ಕಾಲೇಜಿನಲ್ಲಿಯೂ ಡೊಮಿನಿಕನ್ನರ ಸಂತ ಥಾಮಸ್ ಅಕ್ವಿನಾಸ್ ಕಾಲೇಜಿನಲ್ಲಿಯೂ ಓದಿ 1676ರಲ್ಲಿ ಗುರುದೀಕ್ಷೆ ಪಡೆದರು. ಸಾಂಕ್ವಾಳದಲ್ಲಿ ಲ್ಯಾಟಿನ್ ಶಾಲೆಯೊಂದನ್ನು ನಡೆಸಿದರು. ಅವರು ಹೋಗಲು ಬಯಸಿದ್ದು ಸಿಂಹಳಕ್ಕೆ. 1658ರ ವೇಳೆಗೆ ಡಚ್ಚರು ಅಲ್ಲಿನ ಕರಾವಳಿಯನ್ನು ಗೆದ್ದು ಕ್ಯಾಥೊಲಿಕ್ ಗುರುಗಳನ್ನು ಹೊರಹಾಕಿದ್ದರು. ಅದರ ಬದಲು ದೊರೆತ ಹುದ್ದೆ ಕೆನರಾದ ವಿಕಾರ್ ಫೊರೇನ್, ಎಂದರೆ ಆ ಪ್ರಾಂತದ ಗುರುಗಳ ಮೇಲ್ವಿಚಾರಕರ ಹುದ್ದೆ.

ಅವರು ಬಂದದ್ದು ಪದ್ರುವಾದೊದ ಪ್ರತಿನಿಧಿಯಾಗಿ. ಬಿಷಪರನ್ನು ಕಡೆಗಣಿಸುವುದೇ ಅವರಿಂದ ನಿರೀಕ್ಷಿತವಾಗಿದ್ದ ಕೆಲಸ. ವಾಜರಾದರೋ ನೇರವಾಗಿ ಬಿಷಪರ ಬಳಿಗೆ ಹೋಗಿ ಅವರ ನೇಮಕಾತಿಯ ಪತ್ರಗಳನ್ನು ಪರಿಶೀಲಿಸಿದರು. ಬಿಷಪರ ವಾದ ಬುಡವಿಲ್ಲದ್ದಲ್ಲ ಎಂದು ಮನಗಂಡು, ವಿವಾದ ಮೇಲಿನಿಂದ ಇತ್ಯರ್ಥವಾಗುವವರೆಗೆ ತಮಗೆ ಅಧಿಕಾರವನ್ನು ವಹಿಸಿಕೊಡುವಂತೆ ಅವರನ್ನು ಒಪ್ಪಿಸಿದರು. ಇದರಿಂದ ಇಬ್ಬರು ಒಡೆಯರ ಅನುಮತಿಯೂ ಒಬ್ಬನೇ ಗುರುವಿನಲ್ಲಿ ಸೇರಿದಂತಾಯಿತು. ಜನರಿಗೆ ಸಂಸ್ಕಾರಗಳ ಬಗೆಗಿದ್ದ ಶಂಕೆ ತಕ್ಕಮಟ್ಟಿಗೆ ನಿವಾರಣೆಯಾಯಿತು. ವಿವಾದವೇನೂ ಮುಗಿಯಲಿಲ್ಲ. ಗೋವೆಯವರಿಗೆ ಈ ಮೆದು ನಡವಳಿಕೆ ಹಿಡಿಸಿರಲಾರದು. 1684ರ ಜುಲೈನಲ್ಲಿ ಬಿಷಪರು ಮಂಗಳೂರಿನಲ್ಲಿ ತೀರಿಕೊಂಡರು; ಅದೇ ವರ್ಷ ವಾಜರೂ ಗೋವೆಗೆ ಮರಳಿದರು.

ನಡುವಿನ ಅವಧಿಯಲ್ಲಿ ಅವರು ಮಂಗಳೂರಿನ ರೊಸಾರಿಯೊ ಚರ್ಚನ್ನು ಮತ್ತೆ ಕಟ್ಟಿಸಿದರು. ಹೊನ್ನಾವರ, ಬಸರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಚರ್ಚುಗಳನ್ನೂ ಚಿಕ್ಕ ಶಾಲೆಗಳನ್ನೂ ಆರಂಭಿಸಿದರು, ಗುಲಾಮರಾಗಿದ್ದ ಕ್ರೈಸ್ತರನ್ನು ಬಿಡಿಸಿದರು. ಈ ಊರುಗಳ ಪಟ್ಟಿಯನ್ನು ಕೆಳದಿಯ ಬಂದರುಗಳ ಪಟ್ಟಿಯೊಡನೆ ಇಟ್ಟು ನೋಡಿದರೆ ಒಂದು ಅಂಶ ಹೊಳೆಯುತ್ತದೆ: ವಾಜರ ಚರ್ಚುಗಳು ಅಕ್ಕಿ ಸಾಗುವ ದಾರಿಯನ್ನೇ ಹಿಡಿದಿವೆ. ಘಟ್ಟದ ಮೇಲಿನ ರಾಜಧಾನಿಗೂ ಬಂದರುಗಳಿಗೂ ಇದ್ದ ವ್ಯಾಪಾರದ ನಂಟೇ ಕ್ರೈಸ್ತ ವಸತಿಗಳಿಗೂ ರಕ್ಷೆಯಾಗಿತ್ತು. ಮಂಗಳೂರಿನ ಬಳಿಯ ಮುಡಿಪು ಗುಡ್ಡದಲ್ಲಿ ಅವರ ಪ್ರಾರ್ಥನೆಯಿಂದ ನೀರಿನ ಚಿಲುಮೆಗಳು ಹುಟ್ಟಿದವೆಂಬ ಐತಿಹ್ಯ ಇಂದಿಗೂ ಜೀವಂತವಾಗಿದೆ. ಅದನ್ನು ಸಮಕಾಲೀನ ದಾಖಲೆಯಂತೆ ಬಳಸಲಾಗದು. ಆದರೂ ಒಂದು ಸಮುದಾಯವು ತನ್ನ ಗುರುವನ್ನು ಯಾವ ನೆಲದೊಡನೆ ಕೂಡಿಸಿ ನೆನೆಯಿತು ಎಂಬುದಕ್ಕೆ ಅದು ಸಾಕ್ಷಿ.

ಗೋವೆಯಲ್ಲಿ ಅವರಿಗೆ ಎದುರಾದ ತೊಡಕು ಬೇರೆ ಬಗೆಯದು. ಯೂರೋಪಿನ ಧಾರ್ಮಿಕ ಸಂಘಗಳು ಭಾರತೀಯರನ್ನು ಸಾಮಾನ್ಯವಾಗಿ ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ದೇಶೀಯ ಗುರು ಎಷ್ಟೇ ಓದಿದ್ದರೂ ಚರ್ಚಿನ ಕೆಳಹಂತದಲ್ಲಿಯೇ ಉಳಿಯಬೇಕಿತ್ತು. ಹಳೆಗೋವೆಯ ಬೋವಾ ವಿಸ್ತಾ ಗುಡ್ಡದ ಸಾಂತಾ ಕ್ರೂಜ್ ದೋಸ್ ಮಿಲಾಗ್ರಿಸ್ ಚರ್ಚಿನಲ್ಲಿ ಕೆಲವು ಗೋವನ್ ಗುರುಗಳು ಕೂಡಿ ಬಾಳತೊಡಗಿದ್ದರು. ವಾಜರು 1685ರ ಸೆಪ್ಟೆಂಬರ್ 25ರಂದು ಅವರನ್ನು ಸೇರಿದರು, ಬೇಗನೆ ಅವರ ಮುಖ್ಯಸ್ಥರೂ ಆದರು. ರೋಮಿನ ಫಿಲಿಪ್ ನೇರಿಯ ಒರೆಟರಿಯ ನಿಯಮಗಳನ್ನು ಅವರು ಆ ಗುಂಪಿಗೆ ಅಳವಡಿಸಿದರು. ಒರೆಟರಿಯವರು ಸಾರ್ವಜನಿಕ ಪ್ರತಿಜ್ಞೆ ಕೈಗೊಳ್ಳದೆ ಒಟ್ಟಿಗೆ ಜೀವಿಸುವ ಗುರುಗಳು. ಆದ್ದರಿಂದ ಕಟ್ಟುನಿಟ್ಟಿನ ಅರ್ಥದಲ್ಲಿ ಇದು ಸನ್ಯಾಸಿ ಸಂಘವಲ್ಲ. ಆದರೆ ಭಾರತೀಯರೇ ಕಟ್ಟಿ ಭಾರತೀಯರೇ ನಡೆಸಿದ ಮೊದಲ ಗುರುಸಂಘವೆಂಬ ಸ್ಥಾನ ಇದಕ್ಕೆ ಸಲ್ಲುತ್ತದೆ.

ಮುಖ್ಯಸ್ಥನ ಪದವಿಯನ್ನು ಬಿಟ್ಟು 1686ರಲ್ಲಿ ಜುವಾಂವ್ ಎಂಬ ಪರಿಚಾರಕನೊಡನೆ ಹೊರಟ ವಾಜರು, ಕೆನರಾ, ಮಲಬಾರುಗಳನ್ನು ದಾಟಿ ತೂತ್ತುಕುಡಿಯಿಂದ ಹಡಗೇರಿ 1687ರಲ್ಲಿ ಜಾಫ್ನಾ ಮುಟ್ಟಿದರು. ಹರಕು ಬಟ್ಟೆಯ ಬಡವನ ವೇಷ, ರಾತ್ರಿಯ ಗುಟ್ಟಿನ ಬಲಿಪೂಜೆ - ಡಚ್ಚರ ಕಣ್ಣು ತಪ್ಪಿಸಿ ನಡೆಸಿದ ಈ ಬದುಕನ್ನು ಚರಿತ್ರಕಾರರು ವಿಸ್ತಾರವಾಗಿ ಹೇಳಿದ್ದಾರೆ. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸ್ ಗೂಢಚಾರನೆಂಬ ಆರೋಪದ ಮೇಲೆ ಸೆರೆಯಾದರು. ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯನ ವಿಶ್ವಾಸವನ್ನು ಕ್ರಮೇಣ ಗಳಿಸಿದರು. 1697ರಲ್ಲಿ ಸಿಡುಬು ಹಬ್ಬಿ ಜನ ರೋಗಿಗಳನ್ನು ತೊರೆದು ಓಡಿದಾಗ, ಮತವನ್ನು ಕೇಳದೆ ಅವರ ಆರೈಕೆಗೆ ನಿಂತರು. ಕ್ರೈಸ್ತ ಸೈನ್ಯದ ಬೆಂಬಲವಿಲ್ಲದೆ, ಅನ್ಯಮತದ ಅರಸನ ಸಮ್ಮತಿಯಲ್ಲಿ ಸಮುದಾಯವನ್ನು ಕಟ್ಟುವ ಈ ವಿಧಾನ ಅವರಿಗೆ ಹೊಸದಾಗಿರಲಿಲ್ಲ. ಬಿದನೂರಿನ ಆಳ್ವಿಕೆಯಲ್ಲಿ ಅದರ ಅಭ್ಯಾಸ ಆಗಿತ್ತು. 1705ರ ಸುಮಾರಿಗೆ ತಮ್ಮನ್ನು ಬಿಷಪರನ್ನಾಗಿ ಮಾಡುವ ಆಲೋಚನೆ ಬಂದಾಗ ಅವರು ಒಪ್ಪಲಿಲ್ಲ. ವಿನಯವೇ ಕಾರಣವೆಂದು ಭಕ್ತರು ಹೇಳುವುದುಂಟು. ಎರಡು ಅಧಿಕಾರಗಳ ನಡುವೆ ಸಿಲುಕಿದ ಜನರ ಪಾಡನ್ನು ಮಂಗಳೂರಿನಲ್ಲಿ ಕಂಡಿದ್ದವರ ಎಚ್ಚರವೂ ಅದರಲ್ಲಿ ಇದ್ದಿರಬಹುದು.

1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿ ನಿಧನರಾದರು. ಗೋವೆಯ ಒರೆಟರಿಯಿಂದ ಬಂದಿದ್ದ ಜಾಕೋಮೆ ಗೊನ್ಸಾಲ್ವೆಸರು ಸಿಂಹಳ ಮತ್ತು ತಮಿಳಿನಲ್ಲಿ ಗ್ರಂಥಗಳನ್ನು ರಚಿಸಿ ಕೆಲಸವನ್ನು ಮುಂದುವರಿಸಿದರು. 1995ರ ಜನವರಿ 21ರಂದು ಎರಡನೆಯ ಜಾನ್ ಪಾಲರು ಕೊಲಂಬೋದಲ್ಲಿ ವಾಜರನ್ನು ಧನ್ಯರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಅದೇ ನಗರದಲ್ಲಿ ಸಂತರೆಂದೂ ಘೋಷಿಸಿದರು. ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ.