ಕಲ್ಲಿನ ಕಪ್ಪೆ, ಮಿದುಳಿನ ಚಿತ್ರ

ಬೇಲೂರಿನ ಕಪ್ಪೆ ಚೆನ್ನಿಗರಾಯನ ಐತಿಹ್ಯವನ್ನು ಅರಸೀಕೆರೆ, ಹಳೇಬೀಡುಗಳ ಮಕ್ಕಳೂ ಬಲ್ಲರು. ವಿಗ್ರಹಕ್ಕೆ ಬಳಿದ ಗಂಧವು ಹೊಕ್ಕುಳ ಬಳಿ ಮಾತ್ರ ಒಣಗದಿರಲು, ಒಳಗಿನ ದೋಷ ಹೊರಗೇ ತಿಳಿಯಿತಂತೆ.

ಒಡೆಯದೆ ಒಳಗನ್ನು ಅರಿಯುವ ಹಂಬಲ ವೈದ್ಯರಿಗೂ ಹಳೆಯದು. 1895ರಲ್ಲಿ ರಾಂಟ್‌ಜನ್ನರು ಕಂಡ ಕ್ಷ-ಕಿರಣಗಳು ತಲೆಬುರುಡೆಯನ್ನು ತೋರಿದವು, ಮಿದುಳನ್ನು ತೋರಲಿಲ್ಲ. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವು ಆ ತೆರೆಯನ್ನು ಸರಿಸಿತು.

ಏಡ್ಸ್ ರೋಗದ ಮೊದಲ ವರದಿ ಬಂದುದು 1981ರಲ್ಲಿ, ಅಮೆರಿಕದಿಂದ. ಆ ದಶಕದಲ್ಲೇ, ತಾಯಿಯಿಂದ ಎಚ್.ಐ.ವಿ. ಸೋಂಕು ತಗುಲಿದ ಕೆಲವು ಕೂಸುಗಳ ಚಿತ್ರಗಳಲ್ಲಿ ಮಿದುಳು ಕುಗ್ಗಿರುವುದೂ ಅದರ ಆಳದಲ್ಲಿ ಸುಣ್ಣದಂಶ ಕೂಡಿರುವುದೂ ಕಂಡುಬಂದವು. ನಡೆಯುತ್ತಿದ್ದ ಮಗು ನಡಿಗೆಯನ್ನೂ ಮಾತನ್ನೂ ಮರೆಯುವುದೇಕೆಂಬ ಪ್ರಶ್ನೆಗೆ ಬೆಳಕು ದೊರೆಯಿತು.

ಆದರೆ ಇಂಥ ಗುರುತುಗಳು ಬೇರೆ ರೋಗಗಳಲ್ಲೂ ಉಂಟು. ಸೋಂಕನ್ನು ನಿರ್ಣಯಿಸುವುದು ರಕ್ತಪರೀಕ್ಷೆ. ಚಿತ್ರವು ಹೇಳುವುದು ಹಾನಿಯ ಮಾತನ್ನು. ನಮ್ಮ ದೇಶದಲ್ಲಿ 2004ರಿಂದ ಸರ್ಕಾರವು ಉಚಿತ ಔಷಧಿ ಕೊಡುತ್ತಿದೆ. 2006ರಲ್ಲಿ ಮಕ್ಕಳಿಗೆಂದೇ ಯೋಜನೆ ಆರಂಭವಾಯಿತು. ಚಿಕಿತ್ಸೆಯನ್ನು ಎಷ್ಟು ಬೇಗ ತೊಡಗಿದರೆ ಮಿದುಳಿಗೆ ಅಷ್ಟು ರಕ್ಷಣೆ.

ಕಲ್ಲಿನ ದೋಷ ತಿಳಿದಾಗ ಜಕಣಾಚಾರಿ ಕೈ ಕತ್ತರಿಸಿಕೊಂಡನೆಂದು ಕಥೆ. ಮಗುವಿನ ರೋಗ ತಿಳಿದಾಗ ನಾವು ಕೈಬಿಡಲಾಗದು, ಕೈಹಿಡಿಯಬೇಕು.