ಸಮುದ್ರಕ್ಕೆ ಅಂಜಿದವನ ಹೆಸರಿನ ಗಿಡ

ವಿದ್ಯುತ್ ತಂತಿಯ ಮೇಲೆ ಗಿಡ ಬೆಳೆಯುವುದುಂಟೇ? ಅಮೆರಿಕದ ದಕ್ಷಿಣ ರಾಜ್ಯಗಳಿಂದ ಅರ್ಜೆಂಟೀನಾದವರೆಗೆ ಇದು ಸಾಮಾನ್ಯ ನೋಟ. ಮುಷ್ಟಿಗಾತ್ರದ ಬೂದುಬಣ್ಣದ ಉಂಡೆಗಳು ತಂತಿಗೆ ಅಂಟಿಕೊಂಡಿರುತ್ತವೆ. ಒಂದೊಂದು ಉಂಡೆಯೂ ಬೆರಳುದ್ದದ ಹಲವು ಗಿಡಗಳ ಗುಂಪು. ಹೆಸರು ಟಿಲಾಂಡ್ಸಿಯಾ ರಿಕರ್ವಾಟಾ. ಅನಾನಸಿನ ಕುಟುಂಬಕ್ಕೆ ಸೇರಿದ ಈ ಗಿಡಕ್ಕೆ ಮಣ್ಣೇ ಬೇಡ.

ಹೆಸರಿನ ಹಿಂದೆ ಒಂದು ಸ್ವಾರಸ್ಯಕರ ಕತೆಯಿದೆ. ಎಲಿಯಾಸ್ ಟಿಲಾಂಡ್ಸ್ (1640–1693) ಫಿನ್‌ಲೆಂಡಿನ ತುರ್ಕು ನಗರದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕ. ಆ ನಾಡು ಆಗ ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. ತುರ್ಕುವಿನ ಸುತ್ತಲಿನ ಸಸ್ಯಗಳ ಪಟ್ಟಿಯೊಂದನ್ನು ಆತ 1673ರಲ್ಲಿ ಪ್ರಕಟಿಸಿದ. ಒಮ್ಮೆ ಹಡಗಿನಲ್ಲಿ ಸ್ಟಾಕ್‌ಹೋಮಿಗೆ ಹೊರಟಾಗ ಸಮುದ್ರ ಆತನನ್ನು ಎಷ್ಟು ಕಂಗೆಡಿಸಿತೆಂದರೆ, ಹಿಂದಿರುಗುವಾಗ ಹಡಗು ಹತ್ತದೆ, ಬೋತ್ನಿಯಾ ಕೊಲ್ಲಿಯನ್ನೇ ಸುತ್ತಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ನೆಲದ ಹಾದಿಯಲ್ಲೇ ಬಂದನಂತೆ. ಸ್ವೀಡಿಷ್ ಭಾಷೆಯಲ್ಲಿ 'ನೆಲದ ಹಾದಿಯಾಗಿ' ಎಂಬ ಅರ್ಥ ಬರುವಂತೆ ತನ್ನ ಹೆಸರನ್ನೂ ಬದಲಿಸಿಕೊಂಡನಂತೆ.

ಸಸ್ಯಗಳ ನಾಮಕರಣಕ್ಕೆ ಶಿಸ್ತು ತಂದ ಸ್ವೀಡನ್ನಿನ ಕಾರ್ಲ್ ಲಿನೇಯಸ್‌ಗೆ ಈ ಕತೆ ಗೊತ್ತಿತ್ತು. ಮರದ ಮೇಲೆ ಒಣಗಿದಂತೆ ಕಾಣುವ ಈ ಜಾತಿಯ ಗಿಡಗಳೂ ನೀರಿಗೆ ಅಂಜುತ್ತವೆಂದು ಭಾವಿಸಿ ಆತ ಅವಕ್ಕೆ ಟಿಲಾಂಡ್ಸನ ಹೆಸರನ್ನೇ ಇಟ್ಟ. 1753ರ ಆತನ ಪ್ರಸಿದ್ಧ ಗ್ರಂಥದಲ್ಲಿ ಆ ಹೆಸರಿದೆ.

ಆದರೆ ಗಿಡ ನೀರು ಕುಡಿಯುತ್ತದೆ. ಕುಡಿಯುವುದು ಬೇರಿನಿಂದಲ್ಲ, ಎಲೆಯಿಂದ. ಬೇರುಗಳ ಕೆಲಸ ಹಿಡಿದುಕೊಳ್ಳುವುದಷ್ಟೆ. ಎಲೆಗಳ ಮೇಲಿನ ಬೂದು ಹೊದಿಕೆ ಸೂಕ್ಷ್ಮ ಹುರುಪೆಗಳದ್ದು. ಮಳೆ, ಮಂಜಿನ ಹನಿಗಳನ್ನು ಅವೇ ಹೀರುತ್ತವೆ. ಅದರಲ್ಲಿ ಕರಗಿದ ಧೂಳಿನ ಲವಣಗಳೇ ಗಿಡಕ್ಕೆ ಗೊಬ್ಬರ. ಹಗಲಿನಲ್ಲಿ ನೀರು ಆವಿಯಾಗದಂತೆ ಪತ್ರರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ಮಾತ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ಸೇರಿಸಿಕೊಳ್ಳುತ್ತದೆ. ರೇಷ್ಮೆಯಂಥ ಎಳೆಗಳುಳ್ಳ ಬೀಜಗಳು ಗಾಳಿಯಲ್ಲಿ ತೇಲಿಹೋಗಿ ಕೊಂಬೆಗೋ ತಂತಿಗೋ ಅಂಟಿ ಮೊಳೆಯುತ್ತವೆ.

ಒಣಗಿದ ಕೊಂಬೆಯ ಮೇಲೆ ಇದನ್ನು ಕಂಡವರು, ಮರದ ಸಾರವನ್ನೆಲ್ಲ ಇದೇ ಹೀರಿತೆಂದು ದೂರುವುದುಂಟು. ನಮ್ಮ ಮಾವಿನ ಮರದ ಬಂದಳಿಕೆ ನಿಜಕ್ಕೂ ಹಾಗೆ ಹೀರುತ್ತದೆ. ಈ ಗಿಡ ಹೀರುವುದಿಲ್ಲ. ಮಲೆನಾಡಿನ ಸೀತಾಳೆಯಂತೆ ಮರದಿಂದ ಕೇಳುವುದು ಜಾಗವನ್ನಷ್ಟೆ. ಜೀವವಿಲ್ಲದ ತಂತಿಯ ಮೇಲೂ ಬದುಕುವುದೇ ಇದಕ್ಕೆ ಸಾಕ್ಷಿ.

ಹಾಗಾದರೆ ಲಿನೇಯಸ್ ಪೂರ್ತಿ ತಪ್ಪಿದನೆ? ಹಾಗೂ ಹೇಳುವಂತಿಲ್ಲ. ಸದಾ ಒದ್ದೆಯಾಗಿಟ್ಟರೆ ಈ ಗಿಡ ಕೊಳೆತುಹೋಗುತ್ತದೆ. ನೆನೆದ ಮೇಲೆ ಒಣಗಲು ಅದಕ್ಕೆ ಗಾಳಿ ಬೇಕೇ ಬೇಕು. ನೀರು ಬೇಕು, ನೀರಿನಲ್ಲೇ ಇರಲಾಗದು. ಹಡಗಿಳಿದು ನೆಲದ ಹಾದಿ ಹಿಡಿದ ಪ್ರಾಧ್ಯಾಪಕನ ಹೆಸರು ಅಷ್ಟರಮಟ್ಟಿಗೆ ಇದಕ್ಕೆ ಒಪ್ಪುತ್ತದೆ.