ಕಥೆಯಿಂದ ಬರವಣಿಗೆಗೆ

ಮಕ್ಕಳು ಪ್ರಬಂಧವನ್ನು ಕಂಠಪಾಠ ಮಾಡಿ ಒಪ್ಪಿಸುವುದನ್ನು ನೀವೂ ಕಂಡಿದ್ದೀರಿ. ಸ್ವಂತ ವಾಕ್ಯ ಹುಟ್ಟುವ ಬಗೆ ಯಾವುದು? ರೋಮಿನಲ್ಲಿ ಪಾಠ ಹೇಳುತ್ತಿದ್ದ ಕ್ವಿಂಟಿಲಿಯನನು ಕ್ರಿ. ಶ. 95ರ ಸುಮಾರಿಗೆ ರಚಿಸಿದ 12 ಭಾಗಗಳ ಗ್ರಂಥದಲ್ಲಿ ಇದಕ್ಕೆ ಉತ್ತರವುಂಟು. ದಾದಿಯರ ಕಥೆಗಳ ಬೆನ್ನಿಗೇ ಬರುವ ಈಸೋಪನ ನೀತಿಕಥೆಗಳನ್ನು ಬಾಲಕರು ಮೊದಲು ತಿಳಿಮಾತಿನಲ್ಲಿ ಹೇಳಬೇಕು. ಬಳಿಕ ಅಷ್ಟೇ ಸರಳವಾಗಿ ಬರೆಯಬೇಕು. ಮುಂದೆ ಪದ್ಯದ ಕಟ್ಟನ್ನು ಬಿಡಿಸಿ, ಬೇರೆ ಮಾತುಗಳಲ್ಲಿ ಹೇಳಿ, ಕೆಲವೆಡೆ ಹಿಗ್ಗಿಸಿ, ಕೆಲವೆಡೆ ಕುಗ್ಗಿಸಬೇಕು; ಕವಿಯ ಅರ್ಥ ಮಾತ್ರ ಕೆಡಬಾರದು.

ಕಥೆ ಗೊತ್ತಿದ್ದವನಿಗೆ ‘ಏನು ಬರೆಯಲಿ’ ಎಂಬ ಭಯವಿಲ್ಲ; ‘ಹೇಗೆ ಬರೆಯಲಿ’ ಎಂಬುದೊಂದೇ ಚಿಂತೆ. ನಮ್ಮಲ್ಲಿಯೂ 11ನೆಯ ಶತಮಾನದಲ್ಲಿ ದುರ್ಗಸಿಂಹನು ಕನ್ನಡಿಸಿದ ಪಂಚತಂತ್ರದ ಕಥೆಗಳುಂಟು. ಅಂಥದೊಂದನ್ನು ಸರಳವಾಗಿ ಓದಿ, ಮಗುವಿನಿಂದ ಹೇಳಿಸಿರಿ, ಆಮೇಲೆ ಬರೆಯಿಸಿರಿ. ತಪ್ಪಿದ್ದರೂ ಆ ವಾಕ್ಯ ಮಗುವಿನದೇ ಆಗಿರುತ್ತದೆ.